ಅಪ್‌ಡೇಟ್: 3 ಝೋನ್, ಎರಡೇ ತಂತಿ, ಯಾವ ಥರ್ಮೋಸ್ಟಾಟ್?

ಕೇಳಿದ್ದು ಇಷ್ಟು: ನ್ಯೂಜೆರ್ಸಿಯ ಮನೆ, ಬಿಸಿನೀರಿನ ಬಾಯ್ಲರ್, 24 ವೋಲ್ಟಿನ 3 ಝೋನ್ ವಾಲ್ವ್ (ಮನೆಯ ಒಂದೊಂದು ಭಾಗಕ್ಕೆ, ಅಂದರೆ ಝೋನ್‌ಗೆ, ಬಿಸಿನೀರು ಬಿಡುವ ವಾಲ್ವ್), ಗೋಡೆಯಲ್ಲಿ ಎರಡೆರಡೇ ತಂತಿ. ವೈಫೈ ಥರ್ಮೋಸ್ಟಾಟ್ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಸಿ ತಂತಿ (ಥರ್ಮೋಸ್ಟಾಟ್‌ಗೆ ಸದಾ ಕರೆಂಟ್ ಸಿಗಲು ಬೇಕಾದ ಕಾಮನ್ ತಂತಿ) ಇಲ್ಲದೆ ದಯವಿಟ್ಟು ಬೇಡ. ಸಿ ಇಲ್ಲದಿದ್ದರೆ ಥರ್ಮೋಸ್ಟಾಟ್ ವಾಲ್ವ್ ಮೂಲಕವೇ ಕರೆಂಟ್ ಎಳೆದುಕೊಳ್ಳುತ್ತದೆ. ಬಿಸಿ ಬೇಡವಾದಾಗಲೂ ವಾಲ್ವ್ ಗುಂಯ್ ಎನ್ನಬಹುದು, ರಿಲೇ ಟಕಟಕ ಬಡಿಯಬಹುದು. ಹಾಗಾಗಿ ಹಾಲ್‌ಗೆ ಮಾತ್ರ ಹೊಸ 5 ಎಳೆಯ ಕೇಬಲ್ ಎಳೆದು ವೈಫೈ. ಮಲಗುವ ಕೋಣೆಗಳ ಎರಡು ಝೋನ್‌ಗೆ ಬ್ಯಾಟರಿಯ ಸಾದಾ ಪ್ರೋಗ್ರಾಮಬಲ್ ಸಾಕು. ಮೂರೂ ಒಂದೇ ಮಾದರಿ ಇರಲೇಬೇಕೆಂದಿಲ್ಲ.

ಹೆಚ್ಚಿನವರು ಮರೆಯುವುದು ಗಂಟೆಗೆ ಎಷ್ಟು ಸೈಕಲ್, ಅಂದರೆ ಎಷ್ಟು ಸಲ ಹೊತ್ತಿ ಆರಬೇಕು ಎಂಬ ಸೆಟ್ಟಿಂಗ್. ಹಲವು ಮಾದರಿಗಳಲ್ಲಿ ಅದು ಬಿಸಿಗಾಳಿಯ ಫರ್ನೇಸ್‌ಗೆಂದು 5 ಇರುತ್ತದೆ. ಬಿಸಿನೀರಿಗೆ 3 ಮಾಡಿ. ಇಲ್ಲವಾದರೆ ಬಾಯ್ಲರ್ ಸುಮ್ಮನೆ ಹೊತ್ತಿ ಆರುತ್ತಿರುತ್ತದೆ.