ಮುಂಬೈ ಮಾಟುಂಗದ ಹೋಟೆಲ್ ಮನೆತನ ದಿವಾಳಿ: ಕಾಮಿಡಿಗೆ ನಂಬುವಂಥ ಕಾರಣ ಬೇಕು

ಪ್ರಶ್ನೆ: 20 ನಿಮಿಷದ ಕಿರುಚಿತ್ರ. ಮೂರು ತಲೆಮಾರಿನ ಉಡುಪಿ ಹೋಟೆಲ್, ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು ಪಾಲುದಾರರು. ಅಣ್ಣ ಮಾಡಿದ ಸಾಲಕ್ಕೆ ಎಲ್ಲರ ಆಸ್ತಿಯೂ ಹೋಗಬೇಕು. ಜೂಜು, ಲಾಟರಿ ಬೇಡ.

ಉತ್ತರ 1: ಸಾಲ ಫರ್ಮಿನ ಹೆಸರಲ್ಲೇ ಇರಲಿ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನಂತೆ ಪ್ರತಿ ಪಾಲುದಾರನೂ ಪೂರ್ತಿ ಬಾಕಿಗೆ ಹೊಣೆ. ಕೋರ್ಟಿನ ಜಪ್ತಿ ತಮ್ಮನ ಸ್ಕೂಟರ್ ತನಕ ಬರಬಹುದು. ಅಣ್ಣನ ಖಾಸಗಿ ಸಾಲವಾದರೆ ಈ ತಮಾಷೆ ಹುಟ್ಟುವುದಿಲ್ಲ.

ಉತ್ತರ 2: ಪಗಡಿ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಜಾಗ ಹಿಡಿಯುವ ಹಳೇ ಬಾಡಿಗೆ ಪದ್ಧತಿ, ಮರೆತಿರಾ? ಮುಂಬೈಯ ಎಷ್ಟೋ ಹಳೇ ಅಂಗಡಿಗಳಲ್ಲಿ ಕುಟುಂಬ ಬರೀ ಬಾಡಿಗೆದಾರ. ಮಾರಿ ಪಾರಾಗೋಣ ಅಂತ ಅಪ್ಪ ಕಪಾಟು ತೆರೆದರೆ ಸಿಗುವುದು ಬಾಡಿಗೆ ರಸೀದಿಗಳ ಕಟ್ಟು! ವರ್ಗಾಯಿಸಲು ಮಾಲೀಕ ಒಪ್ಪಬೇಕು, ಅವನಿಗೂ ಪಾಲು ಕೊಡಬೇಕು.

ಉತ್ತರ 3: ಕಾನೂನು ಸರಿ, ಆದರೆ ದಿವಾಳಿ ತಟ್ಟೆಯಲ್ಲಿ ಕಾಣಲಿ. ಮೊದಲು ಚಟ್ನಿಯಲ್ಲಿ ತೆಂಗಿನಕಾಯಿ ಇಳಿದು ಹುರಿಗಡಲೆ ಏರಲಿ, ಆಮೇಲೆ ಸಾಂಬಾರಿಗೆ ನೀರು. ಕೊನೆಗೆ 19 ಕೆಜಿ ಕಮರ್ಷಿಯಲ್ ಸಿಲಿಂಡರಿಗೆ ದುಡ್ಡಿಲ್ಲದೆ ಮನೆಯ 14.2 ಕೆಜಿಯದ್ದನ್ನು ಹೊದಿಕೆ ಸುತ್ತಿ ತರುವುದು. ಹೋಟೆಲಿನಲ್ಲಿ ಅದು ನಿಷಿದ್ಧ, ಹಾಗಾಗಿ ಬಚ್ಚಿಡುವ ದೃಶ್ಯ ತಾನಾಗಿ ಬರುತ್ತೆ. ಶೂಟಿಂಗಿಗೆ ಖಾಲಿಯದ್ದೇ ತನ್ನಿ, ಭಾರ ನಟಿಸಲಿ.