12 ಜಿಬಿ ಕಾರ್ಡ್ ಇದ್ದರೂ ಸಿಮ್ಯುಲೇಶನ್ ತೆವಳುತ್ತಿದೆ

ಹೇಮಾವತಿ_ದಂಡೆ (ಹಾಸನ): ಸಕಲೇಶಪುರದ ಕಾಫಿ ತೋಟದ ಮಣ್ಣಿನ ಸಿಟಿ ಸ್ಕ್ಯಾನ್ ಇಟ್ಟುಕೊಂಡು, ಅದರ ರಂಧ್ರಗಳಲ್ಲಿ ನೀರು ಹರಿಯುವುದನ್ನು ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದಲ್ಲಿ (ಜಾಗವನ್ನು ಪುಟ್ಟ ಕೋಶಗಳಾಗಿ ಹೋಳು ಮಾಡಿ, ಪ್ರತಿ ಕೋಶದಿಂದ ಯಾವ ದಿಕ್ಕಿಗೆ ಎಷ್ಟು ಹರಿಯುತ್ತದೆ ಎಂದು ಎಣಿಸುವುದು) ಲೆಕ್ಕ ಹಾಕುತ್ತಿದ್ದೇನೆ. ಸಾಲ ಮಾಡಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತಂದೆ. ಚಿಕ್ಕ ಮಾದರಿ ಹಾರುತ್ತದೆ, ದೊಡ್ಡದು ಸಿಪಿಯುಗಿಂತಲೂ ನಿಧಾನ. ಎರರ್ ಏನೂ ಬರುವುದಿಲ್ಲ. ತಲೆ ಕೆಟ್ಟುಹೋಗಿದೆ.

ಗಿರಿಸಾಲು (ಚಿಕ್ಕಮಗಳೂರು): ವೋಲ್ಟೇಜ್. ಮಳೆ ಹಿಡಿದರೆ ನಮ್ಮಲ್ಲಿ ಬಲ್ಬೇ ಮಿಣುಕುತ್ತದೆ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಎಷ್ಟು ವಾಟ್?

ಹೇಮಾವತಿ_ದಂಡೆ: 650. ಯುಪಿಎಸ್ ಕೂಡ ಇದೆ ಸರ್.

ಗಿರಿಸಾಲು: ಯುಪಿಎಸ್ ನಂಬಬೇಡಿ. ಸ್ಟೆಬಿಲೈಸರ್ ಹಾಕಿ ನೋಡಿ.

ಅರ್ಧ_ಬೈಟ್: ವೋಲ್ಟೇಜ್ ಕುಸಿದರೆ ಯಂತ್ರ ಆರಿಹೋಗುತ್ತದೆ. ದೊಡ್ಡ ಮಾದರಿಯನ್ನು ಮಾತ್ರ ಹುಡುಕಿ ನಿಧಾನ ಮಾಡುವಷ್ಟು ಜಾಣತನ ಅದಕ್ಕಿಲ್ಲ. ಘನದ ಒಂದು ಬದಿಗೆ ಎಷ್ಟು ಕೋಶ? ಸಂಖ್ಯೆಗಳು ಫ್ಲೋಟೋ (4 ಬೈಟ್) ಡಬಲ್ಲೋ (8 ಬೈಟ್)? ವಿಂಡೋಸೋ?

ಹೇಮಾವತಿ_ದಂಡೆ: ಚಿಕ್ಕದು 200 ಘನ, ದೊಡ್ಡದು 400. ಡಬಲ್. ವಿಂಡೋಸ್ ಅಲ್ಲದೆ ಇನ್ನೇನು?

ಪೆಂಗ್ವಿನ್_ಭಕ್ತ: ಅಲ್ಲೇ ಇದೆ ನೋಡಿ ರೋಗ.

ಗಿರಿಸಾಲು: ಶುರುವಾಯಿತು ನಿಮ್ಮ ಲಿನಕ್ಸ್ ಭಜನೆ.

ಅರ್ಧ_ಬೈಟ್: ಈ ಸಲ ಅವರು ಹೇಳುವುದರಲ್ಲಿ ಹುರುಳಿದೆ. ಡಿ3ಕ್ಯು19 (ಮೂರು ಆಯಾಮ, ನಿಂತಿರುವುದೂ ಸೇರಿ 19 ದಿಕ್ಕು) ಎಂದುಕೊಳ್ಳುತ್ತೇನೆ. ಒಂದು ಕೋಶಕ್ಕೆ 19 ಸಂಖ್ಯೆ, ತಲಾ 8 ಬೈಟ್, ಹಳೆಯದು ಹೊಸದು ಎಂದು ಎರಡು ಪ್ರತಿ: 304 ಬೈಟ್. 400 ಘನಕ್ಕೆ 6.4 ಕೋಟಿ ಕೋಶ, ಅಂದರೆ ಸುಮಾರು 19.5 ಜಿಬಿ. 12 ಜಿಬಿಯಲ್ಲಿ ಹಿಡಿಯದ್ದನ್ನು ವಿಂಡೋಸಿನ ಡ್ರೈವರ್ ಸದ್ದಿಲ್ಲದೆ ರ‍್ಯಾಮಿಗೆ ದೂಡುತ್ತದೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 360 ಜಿಬಿ ಕೊಡುತ್ತದೆ. ಕಾರ್ಡಿನಿಂದ ಕಂಪ್ಯೂಟರಿನ ಮೆಮೊರಿಗೆ ಹೋಗುವ ಪಿಸಿಐಇ 4 ದಾರಿಯಲ್ಲಿ ಹೆಚ್ಚೆಂದರೆ 32. ಈ ವಿಧಾನದ ವೇಗವೆಲ್ಲ ಮೆಮೊರಿಯದೇ. ಲಿನಕ್ಸ್ ಆಗಿದ್ದರೆ ಜಾಗ ಸಾಲದು ಎಂದು ಮುಖಕ್ಕೆ ಹೇಳಿ ನಿಲ್ಲುತ್ತಿತ್ತು. ಮೇಲಾಗಿ ಆ ಕಾರ್ಡಿನಲ್ಲಿ ಡಬಲ್ ಗಣಿತದ ವೇಗ ಫ್ಲೋಟಿನ 64ನೇ ಒಂದು ಪಾಲು. ಫ್ಲೋಟ್ ಮಾಡಿದರೆ 9.7 ಜಿಬಿಗೆ ಇಳಿಯುತ್ತದೆ. ಗಟ್ಟಿ ಕಣದ ಕೋಶಗಳನ್ನು ಬಿಟ್ಟು ರಂಧ್ರಗಳನ್ನಷ್ಟೇ ಇಟ್ಟುಕೊಂಡರೆ ಇನ್ನೂ ಕಡಿಮೆ.

ಗಿರಿಸಾಲು: ನನ್ನಲ್ಲಿ ಎರಡು 3090 ಕಾರ್ಡ್ ಇವೆ, ಈ ತಾಪತ್ರಯವೇ ಇಲ್ಲ.

ಪೆಂಗ್ವಿನ್_ಭಕ್ತ: ಅವುಗಳಲ್ಲಿ ಏನು ಓಡಿಸುತ್ತೀರಿ?

ಗಿರಿಸಾಲು: ಸದ್ಯಕ್ಕೆ ಗೇಮ್.

ಹೇಮಾವತಿ_ದಂಡೆ: ಫ್ಲೋಟ್ ಹಾಕಿದೆ, ಓಡಿತು! ಆದರೆ ಪರ್ಮಿಯಬಿಲಿಟಿ (ಮಣ್ಣು ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎಂಬ ಅಳತೆ) ಸ್ವಲ್ಪ ಬದಲಾಗಿದೆ.

ಅರ್ಧ_ಬೈಟ್: ಹರಿವು ತೀರಾ ನಿಧಾನವಾದಾಗ ಫ್ಲೋಟಿನ ಕೊನೆಯ ಅಂಕಿಗಳು ಸವೆಯುತ್ತವೆ. ಇಡೀ ಸಂಖ್ಯೆಯ ಬದಲು ಅದರಿಂದ ಆ ದಿಕ್ಕಿನ ತೂಕಾಂಕ (ನೀರು ನಿಂತಿದ್ದಾಗ ಇರುವ ಸ್ಥಿರ ಬೆಲೆ) ಕಳೆದು ಉಳಿದದ್ದನ್ನು ಮಾತ್ರ ಶೇಖರಿಸಿ. 200 ಘನವನ್ನು ಫ್ಲೋಟ್, ಡಬಲ್ ಎರಡರಲ್ಲೂ ಓಡಿಸಿ ಹೋಲಿಸಿ.

ಹೇಮಾವತಿ_ದಂಡೆ: ಸರಿ. ಗೈಡ್ ಈಗ 600 ಘನ ಕೇಳುತ್ತಿದ್ದಾರೆ. ಗಿರಿಸಾಲು ಸರ್, ಆ ಎರಡು ಕಾರ್ಡ್...?

ಅರ್ಧ_ಬೈಟ್: ಫ್ಲೋಟಿನಲ್ಲೂ 33 ಜಿಬಿ ಹತ್ತಿರ, ಒಂದು ಕಾರ್ಡಿಗೆ ಹಿಡಿಯದು. ಘನವನ್ನು ಎರಡು ಹೋಳು ಮಾಡಿ, ಪ್ರತಿ ಹೆಜ್ಜೆಗೂ ಗಡಿ ದಾಟುವ 5 ದಿಕ್ಕುಗಳನ್ನಷ್ಟೇ ಅದಲುಬದಲು ಮಾಡಬೇಕು. ಆ ಕೋಡ್ ಮೊದಲು ಬರೆಯಿರಿ.

ಗಿರಿಸಾಲು: ಬರೆದು ತಿಳಿಸಿ. ಭಾನುವಾರ ಬಿಟ್ಟು, ಅಂದು ಮಗ ಯಂತ್ರ ಬಿಟ್ಟುಕೊಡುವುದಿಲ್ಲ.