ಶ್... ಕೆಳಗಿನವರು ಬರ್ತಾರೆ! (ಓದುಗರ ಸ್ಪಂದನ)

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಸಂಕಟ ಹೇಳಿಕೊಂಡಿದ್ದರು. ಎರಡನೇ ಮಹಡಿಯಲ್ಲಿ ಮನೆ, ನಾಲ್ಕು ವರ್ಷದ ಮಗ. ಅವನು ಓಡಿದರೆ, ಕುಣಿದರೆ ಕೆಳಮನೆಯ ಹಿರಿಯ ಮಹಿಳೆ ಮೇಲೆ ಬಂದು ಬಾಗಿಲು ತಟ್ಟುತ್ತಾರೆ. ಅವರು ಹೋದ ಮೇಲೆ ಈ ಅಮ್ಮ ಮಗನಿಗೆ ಬೈಯುತ್ತಾರೆ. ಒಂದೆರಡು ಸಲ ಕೈಯೂ ಎತ್ತಿದ್ದಾರೆ. ಮೊನ್ನೆ ಆಟದ ಮೈದಾನಕ್ಕೆ ಕರೆದುಕೊಂಡು ಹೋದರೆ ಹುಡುಗ ಹುಲ್ಲಿನ ಮೇಲೆ ತುದಿಗಾಲಲ್ಲಿ ನಡೆಯುತ್ತಾ, "ಅಮ್ಮಾ, ಇಲ್ಲಿ ಕೆಳಗೆ ಯಾರಿದ್ದಾರೆ?" ಎಂದು ಕೇಳಿದನಂತೆ. "ನಾನು ಒಳ್ಳೆಯ ಅಮ್ಮ ಅಲ್ಲವೇನೋ ಅನಿಸುತ್ತಿದೆ. ಏನು ಮಾಡಲಿ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೊದಲು ಕೆಳಗೆ ಹೋಗಿ ನಿಂತು ಕೇಳಿ

ನಿಮ್ಮ ಪತ್ರ ಓದುವಾಗ ನನ್ನದೇ ಕಥೆ ಯಾರೋ ಬರೆದ ಹಾಗಿತ್ತು. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಮಗಳಿಗೆ ಆಗ ಐದು ವರ್ಷ. ಕೆಳಗಿನ ಮನೆಯವರು ವಾರಕ್ಕೆ ಎರಡು ಸಲವಾದರೂ ಬಂದು, "ಸ್ವಲ್ಪ ನೋಡಿಕೊಳ್ಳಿ" ಅನ್ನುತ್ತಿದ್ದರು. ಜಗಳ ಆಡುತ್ತಿರಲಿಲ್ಲ, ಆ ಮಾತಿನ ಧಾಟಿಯೇ ಸಾಕಾಗಿತ್ತು. ನಾನು ಬಾಗಿಲು ಹಾಕಿ ತಿರುಗಿದ ಕೂಡಲೇ ಎದುರಿಗೆ ಸಿಗುತ್ತಿದ್ದವಳು ಮಗಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ.

ಒಂದು ಭಾನುವಾರ ನನ್ನ ಗಂಡ, "ದಿನಾ ಬೈತೀಯಲ್ಲ, ಅವರಿಗೆ ಕೇಳಿಸೋದು ಯಾವ ಸದ್ದು ಅಂತ ಗೊತ್ತಾ ನಿನಗೆ?" ಅಂದರು. ಗೊತ್ತಿರಲಿಲ್ಲ. ಅವರನ್ನೇ ಕೇಳಿ, ಅವರ ಹಾಲ್‌ನಲ್ಲಿ ಹೋಗಿ ನಿಂತೆ. ಮೇಲೆ ಗಂಡ ಫೋನ್ ಹಿಡಿದುಕೊಂಡಿದ್ದರು. ನಾನು ಹೇಳಿದ ಹಾಗೆ ಒಂದೊಂದೇ ಸದ್ದು ಮಾಡಿಸಬೇಕು. ಮೊದಲು ಮಗಳು ಓಡಿದಳು. ಕೇಳಿಸಿತು, ಇಲ್ಲ ಅನ್ನಲ್ಲ. ಆಮೇಲೆ ಗಂಡ ಸುಮ್ನೆ ನಡೆದರು. ಹಿಮ್ಮಡಿ ಊರಿ ನಡೆಯುವ ಅಭ್ಯಾಸ ಅವರಿಗೆ. ಅದು ಮಗಳ ಓಟಕ್ಕಿಂತ ಜಾಸ್ತಿ ಕೇಳಿಸಿತು! ಮೂರನೆಯದು ಕುರ್ಚಿ. ಎಳೆದರು ನೋಡಿ, ನನ್ನ ತಲೆಯ ಮೇಲೇ ಯಾರೋ ಗರಗಸ ಆಡಿಸಿದ ಹಾಗಾಯಿತು. ಕೆಳಮನೆಯವರು, "ಇದೇ, ಇದೇ! ದಿನಾ ರಾತ್ರಿ ಹತ್ತೂವರೆಗೆ ಬರೋದು ಇದೇ" ಅಂದರು.

ಹತ್ತೂವರೆಗೆ ಕುರ್ಚಿ ಎಳೆಯುತ್ತಿದ್ದವಳು ನಾನು. ಮಗಳನ್ನು ಮಲಗಿಸಿ, ಎಲ್ಲ ಕೆಲಸ ಮುಗಿಸಿ, ಕಾಲು ಚಾಚಿ ಕೂರಲು ಎಳೆಯುತ್ತಿದ್ದ ಕುರ್ಚಿ. ಅಷ್ಟು ಹೊತ್ತಿಗೆ ಮಗಳು ನಿದ್ದೆ ಹೋಗಿ ಎರಡು ಗಂಟೆ ಆಗಿರುತ್ತಿತ್ತು. ಬೈಗುಳ ಮಾತ್ರ ಅವಳಿಗೆ. ಮೆಟ್ಟಿಲು ಹತ್ತಿ ಬರುವಾಗ ನನ್ನ ಕರುಳು ಚುರ್ ಅಂದದ್ದು ಇನ್ನೂ ನೆನಪಿದೆ.

ಆಮೇಲೆ ಒಂದಿಷ್ಟು ಓದಿ ತಿಳಿದುಕೊಂಡೆ. ಮಾತು, ಟಿವಿ ಸದ್ದು ಮೊದಲು ಗಾಳಿಯಲ್ಲಿ ಹರಡುತ್ತದೆ. ದಪ್ಪ ಗೋಡೆ, ದಪ್ಪ ನೆಲ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಕಾಲಿನ ಸದ್ದು ಹಾಗಲ್ಲ. ಹೊಡೆತ ನೇರವಾಗಿ ನೆಲಕ್ಕೇ ಬೀಳುತ್ತದೆ, ನೆಲವೇ ಅದುರಿ ಕೆಳಗಿನವರ ಮಾಡು ಡೋಲಿನ ಹಾಗೆ ಸದ್ದು ಮಾಡುತ್ತದೆ. ಪರದೆ ಹಾಕಿದರೆ, ಕಿಟಕಿ ಮುಚ್ಚಿದರೆ ಏನೂ ಪ್ರಯೋಜನ ಇಲ್ಲ. ಕಾಲಿಗೂ ನೆಲಕ್ಕೂ ನಡುವೆ ಮೆತ್ತನೆಯದು ಏನಾದರೂ ಬರಬೇಕು. ಮಗಳು ಆಡುವ ಜಾಗಕ್ಕೆ ದಪ್ಪ ಮ್ಯಾಟ್ ಹಾಸಿದೆವು. ಆಟದ ಸಾಮಾನು ಬಿದ್ದ ಟಕಟಕ ಸದ್ದು ಚೆನ್ನಾಗಿಯೇ ಕಡಿಮೆಯಾಯಿತು. ಸೋಫಾದಿಂದ ಜಿಗಿದ ಧಡ್ ಅನ್ನುವ ಸದ್ದು ಅಷ್ಟಾಗಿ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಂಡನಿಗೆ ಮೆತ್ತನೆಯ ಚಪ್ಪಲಿ ಬಂತು. ಕುರ್ಚಿಯ ನಾಲ್ಕೂ ಕಾಲಿಗೆ ಮಗಳ ಹಳೆಯ ಕಾಲುಚೀಲ ತೊಡಿಸಿದೆ. ಅವಳಿಗೆ ಅದು ಬಹಳ ಇಷ್ಟವಾಗಿ, ಕುರ್ಚಿಗೆ ಒಂದು ಹೆಸರೂ ಇಟ್ಟಳು.

— ಇಬ್ಬರು ಮಕ್ಕಳ ತಾಯಿ

ನಾನು ಕೆಳಮನೆಯವಳು

ತಂಗಿ, ನಿನ್ನ ಪತ್ರದಲ್ಲಿ ಬಾಗಿಲು ತಟ್ಟುವ ಹೆಂಗಸು ಇದ್ದಾರಲ್ಲ, ಅಂಥವಳೇ ನಾನೂ. ಆ ಕಡೆಯ ಮಾತು ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಮ್ಮವರು ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದರು. ರಾತ್ರಿ ನೋವಿಗೆ ನಿದ್ದೆ ಇಲ್ಲ, ಮಧ್ಯಾಹ್ನ ಒಂದೆರಡು ಗಂಟೆ ಕಣ್ಣು ಮುಚ್ಚುತ್ತಿದ್ದರು. ಅವರು ಮಲಗಿದರೆ ಮಾತ್ರ ನನಗೂ ಬೆನ್ನು ನೆಲಕ್ಕೆ. ಸರಿಯಾಗಿ ಅದೇ ಹೊತ್ತಿಗೆ ಮೇಲೆ ದಬ ದಬ ದಬ. ನಿಲ್ಲುತ್ತಿತ್ತು. ನಿಂತಿತು ಅಂದುಕೊಂಡು ಕಣ್ಣು ಮುಚ್ಚಿದರೆ ಮತ್ತೆ ದಬ ದಬ. ನಿಜ ಹೇಳಬೇಕೆಂದರೆ ಸದ್ದಿಗಿಂತ, ಮುಂದಿನ ಸದ್ದು ಯಾವಾಗ ಬರುತ್ತೋ ಅಂತ ಕಾಯುತ್ತಾ ಮಲಗುವುದು ಹಿಂಸೆ. ಮಕ್ಕಳು ಅಂದಮೇಲೆ ಓಡೋದೇ, ಹೊಂದಿಕೊಳ್ಳಿ ಅಂತ ಎಲ್ಲರೂ ಉಪದೇಶ ಮಾಡುವವರೇ. ಅವರ ಮಾಡಿನ ಮೇಲೆ ಯಾರೂ ಓಡುತ್ತಿರುವುದಿಲ್ಲ, ಅಷ್ಟೆ.

ಮೂರು ಸಲ ಮೇಲೆ ಹೋಗಿ ಹೇಳಿದೆ. ಮೂರನೆಯ ಸಲ ನಾನು ಮಾತಾಡಿದ ರೀತಿ ಸರಿ ಇರಲಿಲ್ಲ. ಮಾರನೇ ದಿನ ಆ ಹುಡುಗಿಯೇ ಇಳಿದು ಬಂದಳು, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು. ಒಳಗೆ ಕರೆದೆ. ನಮ್ಮವರು ಮಲಗಿದ್ದನ್ನು ಅವಳು ಅವತ್ತೇ ಮೊದಲು ನೋಡಿದ್ದು. ನಾನೂ ಹೇಳಿರಲಿಲ್ಲ ನೋಡು. ಮನೆಯಲ್ಲಿ ಕಾಯಿಲೆ ಇದೆ ಅನ್ನುವುದು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಅವಳು, "ಆಂಟಿ, ಇವನು ಬೆಳಿಗ್ಗೆ ಮತ್ತು ಸಂಜೆ ಓಡ್ತಾನೆ, ಅದನ್ನು ನಿಲ್ಲಿಸೋಕೆ ನನ್ನ ಕೈಲಾಗಲ್ಲ. ಎರಡರಿಂದ ನಾಲ್ಕರವರೆಗೆ ಹೊರಗೆ ಕರ್ಕೊಂಡು ಹೋಗ್ತೀನಿ ಅಥವಾ ಕೂರಿಸಿ ಆಡಿಸ್ತೀನಿ. ಬೇರೆ ಹೊತ್ತಲ್ಲೂ ತಡೆಯೋಕೆ ಆಗಲ್ಲ ಅಂದ್ರೆ ಈ ನಂಬರಿಗೆ ರಿಂಗ್ ಕೊಡಿ. ಯಾಕೆ ಏನು ಅಂತ ಕೇಳಲ್ಲ, ಆ ಕ್ಷಣ ನಿಲ್ಲಿಸ್ತೀನಿ" ಅಂದಳು.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಅವರು ಮೇಲೆಯೇ ಇದ್ದರು. ನಾನು ರಿಂಗ್ ಕೊಟ್ಟದ್ದು ಎರಡೇ ಸಲ. ಸದ್ದು ಕಡಿಮೆಯಾಗಿತ್ತು ಅಂತಲ್ಲ, ಬೆಳಿಗ್ಗೆ ಸಂಜೆ ಹುಡುಗ ಕುದುರೆ ಹಾಗೆಯೇ ಓಡುತ್ತಿದ್ದ. ಆದರೆ ಬೇಕಾದರೆ ನಿಲ್ಲಿಸಬಹುದು ಅಂತ ಗೊತ್ತಿದ್ದಾಗ ಅದು ಅಷ್ಟು ಕಾಡಲಿಲ್ಲ.

ಮನಃಶಾಸ್ತ್ರ ಓದಿದ ನನ್ನ ಮಗಳಿಗೆ ಇದನ್ನು ಹೇಳಿದಾಗ, "ಅಮ್ಮಾ, ಇದರ ಮೇಲೆ ಪ್ರಯೋಗವೇ ಆಗಿದೆ" ಅಂದಳು. ಅಮೆರಿಕದಲ್ಲಿ 1970ರ ಆಸುಪಾಸಿನಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬಿಬ್ಬರು ಜನರಿಗೆ ಕರ್ಕಶ ಸದ್ದು ಕೇಳಿಸುತ್ತಾ ಕೆಲಸ ಕೊಟ್ಟರಂತೆ. ಕೆಲವರಿಗೆ ಒಂದು ಗುಂಡಿ ತೋರಿಸಿ, ಬೇಕಾದರೆ ಒತ್ತಿ ಸದ್ದು ನಿಲ್ಲಿಸಬಹುದು, ಒತ್ತದಿದ್ದರೆ ನಮಗೆ ಒಳ್ಳೆಯದು ಅಂದಿದ್ದರು. ಹೆಚ್ಚಿನವರು ಒತ್ತಲೇ ಇಲ್ಲ. ಎರಡೂ ಗುಂಪು ಕೇಳಿದ್ದು ಅಷ್ಟೇ ಸದ್ದು. ಆದರೂ ಆಮೇಲೆ ಕೊಟ್ಟ ಕೆಲಸದಲ್ಲಿ ಗುಂಡಿ ಇದ್ದವರು ತಾಳ್ಮೆಯಿಂದ ಕೂತರು, ತಪ್ಪೂ ಕಡಿಮೆ ಮಾಡಿದರು. ಮೇಲಿನ ಮನೆ ಹುಡುಗಿ ನನಗೆ ಕೊಟ್ಟದ್ದು ಆ ಗುಂಡಿ.

ಆದ್ದರಿಂದ ತಂಗಿ, ಅವರು ಹತ್ತಿ ಬರುವ ತನಕ ಕಾಯಬೇಡ. ನೀನೇ ಇಳಿದು ಹೋಗು. ಅವರಿಗೆ ಸುಮ್ಮನಿರುವ ಹೊತ್ತು ಯಾವುದು ಬೇಕು ಅಂತ ಕೇಳು. ಮಗನನ್ನೂ ಕರೆದುಕೊಂಡು ಹೋಗು. ಇಷ್ಟು ದಿನ ಅವನ ಪಾಲಿಗೆ ಕೆಳಗಿರುವುದು ಗುಮ್ಮ. ಅಲ್ಲಿರುವುದು ಮೊಣಕಾಲು ನೋಯುವ ಒಬ್ಬ ಅಜ್ಜಿ ಅಂತ ಅವನಿಗೂ ಗೊತ್ತಾಗಲಿ.

— ಕೆಳಮನೆಯ ಆಂಟಿ

ಎರಡು ವಿಧಿ, ಒಂದು ನಿದ್ದೆ

ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವನು. ಬೆಳಿಗ್ಗೆ ಏಳಕ್ಕೆ ಮಲಗುತ್ತೇನೆ. ಮೇಲಿನ ಮನೆಯ ಮಕ್ಕಳು ಏಳುವುದೂ ಅದೇ ಹೊತ್ತಿಗೆ. ಒಮ್ಮೆ ಹೋಗಿ ಹೇಳಿದಾಗ ಆ ಮನೆಯ ಯಜಮಾನರು, ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಕ್ಕಳಿಗೆ ಆಟದ ಹಕ್ಕು ಕೊಟ್ಟಿದೆ ಎಂದರು. ನಾನೇನು ಕಡಿಮೆ? 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿಯಲ್ಲಿ ಪ್ರತಿಯೊಬ್ಬರಿಗೂ ವಿಶ್ರಾಂತಿಯ ಹಕ್ಕಿದೆ ಎಂದೆ. ಇಬ್ಬರೂ ಹೇಳಿದ್ದು ಸರಿಯೇ. ಅವತ್ತು ನಿದ್ದೆ ಬಾರದೆ ಬಿದ್ದುಕೊಂಡವನು ಮಾತ್ರ ನಾನು.

ಈಗ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುತ್ತೇನೆ, ಮಲಗುವ ಕೋಣೆ ಬದಲಿಸಿದ್ದೇನೆ. ಅಮ್ಮನವರೇ, ನೀವು ಏನು ಬೇಕಾದರೂ ಮಾಡಿ, ಆದರೆ ಹಕ್ಕಿನ ಮಾತು ಮಾತ್ರ ಎತ್ತಬೇಡಿ. ನಿಮ್ಮ ನೆರೆಯವರೂ ಓದಿಕೊಂಡಿರಬಹುದು.

— ಹಗಲು ಮಲಗುವವನು

ಎರಡೇ ಸಾಲು

ನೆಲಮಹಡಿಯ ಮನೆ ಹುಡುಕಿ. ನಾವು ಹಾಗೇ ಮಾಡಿದೆವು. ಈಗ ನಮ್ಮ ಮೇಲೆ ಅವಳಿ ಮಕ್ಕಳಿದ್ದಾರೆ.

— ಅನುಭವಿ

ಅವನು ಓಡಲೇಬೇಕು

ಇಪ್ಪತ್ತೆಂಟು ವರ್ಷ ಶಿಶುವಿಹಾರದಲ್ಲಿ ಪಾಠ ಹೇಳಿದವಳು ನಾನು. ಪಾಠ ಅಂದರೆ ಏನು, ಅರ್ಧ ದಿನ ಅವುಗಳ ಹಿಂದೆ ಓಡುವುದೇ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷ ಮೈ ಬಿಸಿಯಾಗಿ ಉಸಿರು ಏರುವಷ್ಟು ಆಟ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿದ್ದೆ 10ರಿಂದ 13 ಗಂಟೆ. ಅಂದರೆ ನಿಮ್ಮ ಮಗ ಓಡುವುದು ತುಂಟತನ ಅಲ್ಲ, ಅದು ಅವನ ದಿನದ ಕೆಲಸ. ಆ ಕೆಲಸ ಎಲ್ಲಿ ಆಗಬೇಕು ಅನ್ನುವುದಷ್ಟೇ ನಿಮ್ಮ ಕೈಯಲ್ಲಿ ಇರುವುದು. ಬಿರುಸಿನ ಆಟ ಮನೆಯ ಹೊರಗೆ ಮುಗಿದುಬಿಟ್ಟರೆ ಒಳಗೆ ಅರ್ಧ ಗದ್ದಲ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು. "ಓಡಬೇಡ" ಅಂದರೆ ಆ ವಯಸ್ಸಿನ ಮಗುವಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. "ಬೆಕ್ಕಿನ ಹಾಗೆ ನಡಿ" ಅನ್ನಿ, ತಕ್ಷಣ ಬೆಕ್ಕಾಗುತ್ತದೆ. ಐದು ನಿಮಿಷಕ್ಕೆ ಮತ್ತೆ ಕುದುರೆ, ಅದು ಬೇರೆ ಮಾತು. ಆಗ ಮತ್ತೆ ಬೆಕ್ಕು ಮಾಡಿಸಿ. "ಕೆಳಗಿನವರು ಬರ್ತಾರೆ" ಅಂತ ಹೆದರಿಸಬೇಡಿ. ಹುಲ್ಲಿನ ಮೇಲೂ ತುದಿಗಾಲಲ್ಲಿ ನಡೆದದ್ದು ಆ ಹೆದರಿಕೆಗೇ.

ಒಳ್ಳೆಯ ಅಮ್ಮ ಹೌದೋ ಅಲ್ಲವೋ ಎಂದು ಕೇಳಿದ್ದೀರಿ. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲೇ ಇದಕ್ಕೆ ಒಂದು ಮಾತು ಬರೆದಿದ್ದರು. ಮಗುವಿಗೆ ಬೇಕಾದ್ದು ಸಾಕಷ್ಟು ಒಳ್ಳೆಯ ಅಮ್ಮ ಅಂತ. ಏನೂ ತಪ್ಪದ ಅಮ್ಮ ಅಲ್ಲ. ಕೈ ಎತ್ತಿದ್ದು ತಪ್ಪು, ಅದನ್ನು ನೀವೇ ಬರೆದಿದ್ದೀರಿ. ಮಗನ ಹತ್ತಿರವೂ ಒಂದು ಸಲ ಹೇಳಿ: "ಅವತ್ತು ಹೊಡೆದದ್ದು ಅಮ್ಮನ ತಪ್ಪು." ನಾಲ್ಕು ವರ್ಷದವನಿಗೆ ಅದು ಅರ್ಥವಾಗುತ್ತದೆ.

— ನಿವೃತ್ತ ಶಿಕ್ಷಕಿ

ತುದಿಗಾಲಿನ ಹುಡುಗ

ನಿಮ್ಮ ಮಗನ ಜಾಗದಲ್ಲಿ ಮೂವತ್ತು ವರ್ಷದ ಹಿಂದೆ ನಾನಿದ್ದೆ. ಮೂರನೇ ಮಹಡಿ, ಕೆಳಗೆ ಕೋಲಿನಿಂದ ಮಾಡಿಗೆ ಕುಟ್ಟುವ ತಾತ. ಇವತ್ತಿಗೂ ನಾನು ಮನೆಯಲ್ಲಿ ಸದ್ದಿಲ್ಲದೆ ನಡೆಯುತ್ತೇನೆ. ಹಿಂದಿನಿಂದ ಬಂದು ನಿಂತರೆ ಹೆಂಡತಿ ಬೆಚ್ಚಿಬೀಳುತ್ತಾಳೆ, "ಕೆಮ್ಮಿಯಾದರೂ ಬನ್ನಿ" ಅಂತ ಬೈಯುತ್ತಾಳೆ. ಅದು ಬಿಟ್ಟರೆ ನನಗೇನೂ ಆಗಿಲ್ಲ. ನಿಮಗೆ ಧೈರ್ಯ ಹೇಳಲು ಬರೆದೆ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಆ ತಾತನ ಕೋಲು ನೆನಪಿದೆಯಾ ಅಂತ ಕೇಳಿದರೆ ಅಷ್ಟಾಗಿ ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ಒಂದು ಸಲ ತೊಡೆಗೆ ಚಿವುಟಿದ್ದೆ, ನೀಲಿಗಟ್ಟಿತ್ತು" ಅಂದರು. ನನಗೆ ಅದು ನೆನಪೇ ಇಲ್ಲ. ಅವರು ಮೂವತ್ತು ವರ್ಷ ಇಟ್ಟುಕೊಂಡಿದ್ದಾರೆ.

ಅಮ್ಮ ಈಗ ಇರುವುದು ನೆಲಮಹಡಿಯಲ್ಲಿ. ಕೆಳಗೆ ಮಣ್ಣು ಬಿಟ್ಟರೆ ಏನೂ ಇಲ್ಲ. ಹೋದ ವಾರ ನನ್ನ ಮಗ ಅಲ್ಲಿ ಹಾಲ್‌ನಿಂದ ಅಡುಗೆಮನೆಗೆ ಒಂದೇ ಉಸಿರಿಗೆ ಓಡಿದ. ಅಮ್ಮ ಕೂತಲ್ಲಿಂದಲೇ ಬಾಯಿಗೆ ಬೆರಳಿಟ್ಟು "ಶ್!" ಅಂದರು. ಆಮೇಲೆ ನೆಲ ನೋಡಿದರು, ನನ್ನ ಮುಖ ನೋಡಿದರು. "ಓಡೋ, ಓಡು" ಅಂತ ಮೊಮ್ಮಗನನ್ನು ತಾವೇ ಅಟ್ಟಿಸಿಕೊಂಡು ಹೋದರು.

— ಹೆಜ್ಜೆ ಸದ್ದಿಲ್ಲದವನು